ಇನ್ನೂರ ಹನ್ನೆರಡು ಸೊನ್ನೆ

ಮಹಾನಂದಾ ನಾಲ್ಕನೆಯ ಸಲ ತಮ್ಮನ ಹೆಬ್ಬೆರಳನ್ನು ಹಿಡಿದು ಗಾಜಿನ ಮೇಲೆ ಒತ್ತಿದಳು. ಔಷಧದ ಕಪಾಟು ಗುಂಯ್ ಎಂದು ಒಮ್ಮೆ ನರಳಿ ಸುಮ್ಮನಾಯಿತು. ಹಸಿರು ದೀಪ ಬರಲಿಲ್ಲ. ಕೆಂಪು ದೀಪವೂ ಬರಲಿಲ್ಲ. ಬಂದಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು.

“ಬೆವರು ಇರಬೇಕ್ರಿ. ಒರಸಿ ಒತ್ರಿ,” ಎಂದಳು ನರ್ಸ್ ಕಸ್ತೂರಿ.

ಸೆರಗಿನಿಂದ ಒರೆಸಿ ಮತ್ತೆ ಒತ್ತಿದ್ದಾಯಿತು. ಗಾಜಿನಾಚೆ ನೀಲಿ ಮುಚ್ಚಳದ ಹದಿನೆಂಟು ಸೀಸೆಗಳು ಸಾಲಾಗಿ ನಿಂತಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪರದೆಯ ಮೇಲೆ ಅಕ್ಷರಗಳು ಮೂಡಿದವು: ‘ತಾವು ತಿಳಿಸಿದ ಕಾಯಿಲೆ ಇಲ್ಲ. ಬೇರೆ ಸೇವೆ ಬೇಕೆ?’

ಗಾಲಿಕುರ್ಚಿಯಲ್ಲಿದ್ದ ಗುರುಬಸು ಅದನ್ನು ಓದಿ ನಕ್ಕ. “ನೋಡಕ್ಕಾ, ಮೂವತ್ನಾಲ್ಕು ವರ್ಷ ಆದ ಮ್ಯಾಲ ನನ್ನ ಜಡ್ಡು ವಾಸಿ ಆತು. ಪೇಢೆ ಹಂಚು.”

ನಗುವಾಗಲೂ ಅವನ ಎರಡು ಕೈ ಎಡ ಮೊಣಕಾಲನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಬಚ್ಚಲಿನ ಹೊಸ್ತಿಲಿಗೆ ತಾಗಿದ್ದಷ್ಟೇ. ಬೇರೆಯವರಿಗೆ ಅದು ನೆನಪಿಡುವ ಪೆಟ್ಟೂ ಅಲ್ಲ. ಅವನ ರಕ್ತ ಹೆಪ್ಪುಗಟ್ಟುವುದಿಲ್ಲ, ಹುಟ್ಟಿನಿಂದ ಹಿಮೋಫಿಲಿಯಾ. ಕೀಲಿನ ಒಳಗೆ ರಕ್ತ ಸೋರಲು ಶುರುವಾದರೆ ಆ ನೀಲಿ ಮುಚ್ಚಳದ ಔಷಧ, ಅವರ ಮನೆಯ ಭಾಷೆಯಲ್ಲಿ ‘ಫ್ಯಾಕ್ಟರ್’, ರಕ್ತನಾಳಕ್ಕೆ ಹೋಗುವವರೆಗೆ ನಿಲ್ಲುವುದಿಲ್ಲ. ಪ್ಯಾಂಟಿನ ಮೇಲಿನಿಂದಲೇ ಕಾಣುತ್ತಿತ್ತು, ಮೊಣಕಾಲು ತೆಂಗಿನಕಾಯಿಯಷ್ಟು ದಪ್ಪಗಾಗಿತ್ತು.

“ನಿನ್ನೆ ಸಂಜೀಮುಂದ ಒಬ್ಬರಿಗೆ ಕೊಟ್ಟೈತ್ರಿ ಇದು,” ಕಸ್ತೂರಿ ಕಪಾಟಿನ ಬೆನ್ನು ತಟ್ಟಿದಳು, ಎಮ್ಮೆಯ ಬೆನ್ನು ತಟ್ಟುವ ಹಾಗೆ. “ಇವತ್ತ ಏನಾತೋ ಏನೋ.”

ಡಾಕ್ಟರು ಬಂದರು. ಅವರ ಕೈಯಲ್ಲಿದ್ದ ಟ್ಯಾಬಿನ ಹಲಗೆಯ ಮೇಲೆ ಕಾಯಿಲೆಯ ಹೆಸರು ಬರೆದರು. ಬರೆದ ಹೆಸರು ಕಣ್ಣೆದುರೇ ಕರಗಿ ‘ಸಾಧಾರಣ ಪೆಟ್ಟು’ ಎಂದಾಯಿತು. ಮತ್ತೆ ಬರೆದರು. ಮತ್ತೆ ಸಾಧಾರಣ ಪೆಟ್ಟು. ರಕ್ತನಿಧಿಯಿಂದ ಪ್ಲಾಸ್ಮಾ ತರಿಸೋಣವೆಂದರೆ ಅದಕ್ಕೂ ಕಾರಣದ ಕಾಲಮ್ಮು ತುಂಬಬೇಕು. ಸಾಧಾರಣ ಪೆಟ್ಟಿಗೆ ಪ್ಲಾಸ್ಮಾ ಕೊಡುವ ಪದ್ಧತಿ ಇಲ್ಲ. ಕಪಾಟನ್ನು ಒಡೆಯುವಂತಿರಲಿಲ್ಲ. ಗಾಜಿಗೆ ಬಿರುಕು ಬಿಟ್ಟರೆ ಒಳಗಿನ ಸೀಸೆಗಳು ತಾವಾಗಿಯೇ ಕೆಡುವ ಹಾಗೆ ಅದನ್ನು ಮಾಡಿದ್ದರು.

“ಡಾಕ್ಟ್ರೇ, ಕೆಳಗ ಸಣ್ಣ ಅಕ್ಷರದಾಗ ಏನೋ ಐತಲ್ರೀ,” ಎಂದಳು ಮಹಾನಂದಾ.

ಡಾಕ್ಟರು ಹಲಗೆಯನ್ನು ಅವಳ ಕಡೆ ತಿರುಗಿಸಿದರು. ಹದಿನೈದು ಅಂಕೆಗಳ ಒಂದು ಸಂಖ್ಯೆ. ಅದರ ಮುಂದೆ ‘ಮುಕ್ತಾಯ: ಏಪ್ರಿಲ್ 1’.

ಡಾಕ್ಟರಿಗೆ ಅದು ಬರೀ ಸಂಖ್ಯೆ. ಮಹಾನಂದಾಳಿಗೆ ಹಾಗಲ್ಲ. ಹದಿನಾಲ್ಕು ವರ್ಷಗಳಿಂದ ಅವಳು ಮಕ್ಕಳಿಗೆ ಕಲಿಸುತ್ತಿದ್ದುದು ಇದನ್ನೇ. ಸರಕಾರದ ಹಣ ಯಾವ ದಾರಿಯಿಂದ ಯಾವ ಬಾಗಿಲಿಗೆ ಹೋಗುತ್ತದೆ ಎಂದು ಹೇಳುವ ಸಂಖ್ಯೆ ಅದು, ಲೆಕ್ಕಶೀರ್ಷಿಕೆ. ಇದನ್ನು ಅವಳು ಬರೀ ಗುರುತು ಹಿಡಿಯಲಿಲ್ಲ. ಫೆಬ್ರವರಿಯಲ್ಲಿ ತನ್ನ ಕೈಯಾರೆ ತಿದ್ದಿದ್ದಳು. 

*

ನವಿಲಹಾಳ ಹೊಸ ಜಿಲ್ಲಾ ಕೇಂದ್ರವಾದ ಮೇಲೆ ಅಲ್ಲಿಗೆ ಬಂದ ದೊಡ್ಡ ಸಂಸ್ಥೆಯೆಂದರೆ ಸಾರ್ವಜನಿಕ ಹಣಕಾಸು ತರಬೇತಿ ಕೇಂದ್ರ. ಅದರ ನೆಲಮಾಳಿಗೆಯಲ್ಲಿ ಪಡಿಯಚ್ಚು ಇತ್ತು.

ಪಡಿಯಚ್ಚು ಎಂದರೆ ರಾಜ್ಯದ ನೆರಳು. ಏಳು ಕೋಟಿ ಜನರಿಗೆ ಏಳು ಕೋಟಿ ನೆರಳುಜನ. ನಿಜವಾದ ಒಬ್ಬ ಮನುಷ್ಯ ರೇಷನ್ ತಂದರೆ, ಮಗುವನ್ನು ಶಾಲೆಗೆ ಸೇರಿಸಿದರೆ, ಆಸ್ಪತ್ರೆಯಲ್ಲಿ ಮಲಗಿದರೆ, ಒಳಗಿನ ಅವನ ನೆರಳಿಗೂ ಅದು ತಿಳಿಯುತ್ತಿತ್ತು. ಒಂದು ಬಜೆಟ್ಟನ್ನು ಅದರೊಳಗೆ ಹಾಕಿದರೆ ನಲವತ್ತು ನಿಮಿಷದಲ್ಲಿ ಐದು ವರ್ಷ ಕಳೆಯುತ್ತಿದ್ದವು. ಎಷ್ಟು ಮಂದಿ ಓದಿದರು, ಎಷ್ಟು ಮಂದಿ ಹಸಿದರು, ಎಷ್ಟು ಮಂದಿ ಸತ್ತರು ಎಲ್ಲವನ್ನೂ ಕೂಡಿ ಕಳೆದು ಕೊನೆಗೆ ಒಂದೇ ಒಂದು ಅಂಕ ಕೊಡುತ್ತಿತ್ತು. ಮೊದಮೊದಲು ಅದು ವಿದ್ಯಾರ್ಥಿಗಳ ಆಟದ ಸಾಮಾನಾಗಿತ್ತು. ಮೂರು ವರ್ಷಗಳ ಹಿಂದೆ ಒಂದು ತರಗತಿಯ ಬಜೆಟ್ಟಿಗೆ ಇಲಾಖೆಯ ಬಜೆಟ್ಟಿಗಿಂತ ಹೆಚ್ಚು ಅಂಕ ಬಂತು. ಅಲ್ಲಿಂದ ಪದ್ಧತಿಯೇ ಬದಲಾಯಿತು. ರಾಜ್ಯದ ನಾನೂರು ತರಗತಿಗಳು ಬಜೆಟ್ ಬರೆಯಬೇಕು. ಹೆಚ್ಚು ಅಂಕ ಬಂದದ್ದನ್ನು ಸದನ ಒಪ್ಪುತ್ತದೆ. ಏಪ್ರಿಲ್ ಒಂದರಿಂದ ಅದೇ ಜಾರಿ. ಅದನ್ನು ಓದುವವರು ಗುಮಾಸ್ತರಲ್ಲ, ಯಂತ್ರಗಳು.

ಈ ವರ್ಷ ಗೆದ್ದದ್ದು ಮಹಾನಂದಾಳ ತರಗತಿ. ಬರೆದವಳು ರೇಷ್ಮಾ ನದಾಫ, ಹಾಸಿಗೆ ಹೊಲಿಯುವವರ ಮನೆಯ ಹುಡುಗಿ, ಇಪ್ಪತ್ತೆರಡು ವರ್ಷ. ಕೇಂದ್ರದ ಗೇಟಿಗೆ ಇಬ್ಬರ ಫೋಟೋ ಹಾಕಿ ಬ್ಯಾನರ್ ಕಟ್ಟಿದ್ದರು.

ಡಿಸೆಂಬರಿನ ಒಂದು ಮಧ್ಯಾಹ್ನ ಮಹಾನಂದಾ ಟೋಕನ್ ಅನುದಾನದ ಪಾಠ ಮಾಡಿದ್ದಳು.

“ಮಾರ್ಚ್ ತಿಂಗಳದಾಗ ಒಂದು ಕೆಲಸಕ್ಕ ಎಷ್ಟು ರೊಕ್ಕ ಬೇಕಾಗತೈತಿ ಅಂತ ಗೊತ್ತಿರೂದಿಲ್ಲ. ಕೇಂದ್ರ ಸರಕಾರದ ಪಾಲು ಜುಲೈದಾಗ ಬರೋದಿರತೈತಿ. ಹಂಗಂತ ಆ ಸಾಲು ಕಿತ್ತು ಒಗೀಬಹುದೇನು? ಇಲ್ಲ. ಬರೇ ಸಾವಿರ ರೂಪಾಯಿ ಬರದು ಇಡತಾರ. ಬಾಗಲ ಮುಂದ ಚಪ್ಪಲಿ ಬಿಟ್ಟಂಗ. ನೋಡಿದವರಿಗೆ ಒಳಗ ಮಂದಿ ಅದಾರ ಅಂತ ತಿಳೀತೈತಿ.”

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು, “ಮೇಡಂ, ಚಪ್ಪಲಿ ಕದ್ದೊಯ್ದರ?”

ತರಗತಿ ನಕ್ಕಿತ್ತು. ಮಹಾನಂದಾಳೂ ನಕ್ಕಿದ್ದಳು.

ರೇಷ್ಮಾ ತನ್ನ ಬಜೆಟ್ಟನ್ನು ಲಕ್ಷಗಳಲ್ಲಿ ಬರೆದು ತಂದಿದ್ದಳು. ಸಾವಿರ ರೂಪಾಯಿ ಲಕ್ಷದಲ್ಲಿ 0.01 ಆಗುತ್ತದೆ. ಅಂಥ ಸಾಲುಗಳು ಎಲ್ಲ ಸಂಪುಟಗಳಲ್ಲೂ ಚದುರಿದ್ದವು. ಅಂಕೆಗಳ ಕಾಡು ನೋಡಿ ಮಹಾನಂದಾಳ ಕಣ್ಣು ದಣಿಯಿತು. ರಾಜ್ಯದ ಬಜೆಟ್ಟನ್ನು ಯಾರಾದರೂ ಲಕ್ಷಗಳಲ್ಲಿ ತೋರಿಸುತ್ತಾರೆಯೇ ಎಂದು ಬೈದು, ನೂರಕ್ಕೆ ನಾಲ್ಕು ಅಂಕ ಕಡಿದು, ‘ಕೋಟಿಗಳಲ್ಲಿ, ಎರಡು ದಶಾಂಶಕ್ಕೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕೊಟ್ಟಳು. ಫೆಬ್ರವರಿಯಲ್ಲಿ ತಿದ್ದಿ ಬಂದದ್ದು ಎಷ್ಟು ಚೊಕ್ಕವಾಗಿತ್ತು! ಅದನ್ನು ಒಂದೊಂದೇ ಪುಟ ತಿರುವಿ, ಅಲ್ಲೊಂದು ಇಲ್ಲೊಂದು ಸಂಖ್ಯೆ ನೇರ ಮಾಡಿ ಸಹಿ ಹಾಕಿದ್ದಳು. ಸಾವಿರ ರೂಪಾಯಿ ಕೋಟಿಯಲ್ಲಿ ಎಷ್ಟಾಗುತ್ತದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ. 0.0001 ಆಗುತ್ತದೆ. ಎರಡು ದಶಾಂಶಕ್ಕೆ ಬರೆದರೆ 0.00.

ಮನುಷ್ಯ ಓದಿದ್ದರೆ, ಇದು ಟೋಕನ್ ಇರಬೇಕು ಬಿಡು ಅನ್ನುತ್ತಿದ್ದ. ಯಂತ್ರ ಸೊನ್ನೆಯನ್ನು ಸೊನ್ನೆ ಎಂದೇ ಓದಿತು.

*

ಮನೆಯ ಫ್ರಿಜ್ಜಿನಲ್ಲಿ ಒಂದು ಹೊತ್ತಿಗೆ ಸಾಲುವಷ್ಟು ಫ್ಯಾಕ್ಟರ್ ಇತ್ತು. ಅದನ್ನು ಚುಚ್ಚಿ, ಮೊಣಕಾಲಿಗೆ ಐಸು ಕಟ್ಟಿ, ಗುರುಬಸುವನ್ನು ಮಲಗಿಸಿ ಮಹಾನಂದಾ ಕೇಂದ್ರಕ್ಕೆ ಓಡಿದಳು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಅವಳು ಮದುವೆಯಾಗಲಿಲ್ಲ, ಕಾರಣ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗುರುಬಸು ಮನೆಯ ಪಡಸಾಲೆಯಲ್ಲೇ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಪೆಟ್ಟಾಗದ ಕೆಲಸ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಅದು.

ನೆಲಮಾಳಿಗೆಯಲ್ಲಿ ರೇಷ್ಮಾ ಆಗಲೇ ಕುಳಿತಿದ್ದಳು. ಫೋನಿನಲ್ಲಿ ವಿಷಯ ಕೇಳಿ ಓಡಿಬಂದವಳ ಮುಖ ಬಿಳಿಚಿಕೊಂಡಿತ್ತು. ತಂಪು ಗಾಳಿಯ ಯಂತ್ರಗಳ ಒಂದೇ ಸಮನೆಯ ಸದ್ದಿನಲ್ಲಿ ಮಾತು ಜೋರಾಗಿ ಆಡಬೇಕಾಗಿತ್ತು.

“ಎಣಿಸಿದೆ ಮೇಡಂ. ಇನ್ನೂರ ಹನ್ನೆರಡು ಅದಾವ.”

“ಏನು?”

“ಸೊನ್ನಿ. ಬರೇ ನಿಮ್ಮ ತಮ್ಮಂದ ಅಲ್ರಿ. ಇನ್ನೂರ ಹನ್ನೆರಡು ಬಾಗಲಾ ಮುಚ್ಯಾವ.”

ಮಹಾನಂದಾ ಕುರ್ಚಿ ಎಳೆದುಕೊಂಡು ಕುಳಿತಳು. “ಟೋಕನ್ ಎಲ್ಲಾ ಮರಳಿ ಬರದು, ಇನ್ನೊಮ್ಮೆ ಓಡಿಸಿ ನೋಡು. ಅಂಕ ಎಷ್ಟು ಬರತೈತಿ ನೋಡೂಣು.”

ನಲವತ್ತು ನಿಮಿಷ ಕಳೆಯಿತು. ಫಲಿತಾಂಶ ಬಂತು. ಅಂಕ ಕುಸಿದಿತ್ತು. ನಾನೂರು ತರಗತಿಗಳಲ್ಲಿ ಮೂವತ್ತೇಳನೆಯ ಸ್ಥಾನ.

“ಅಂದ್ರ…” ರೇಷ್ಮಾ ತುಟಿ ಕಚ್ಚಿಕೊಂಡಳು. “ಸೊನ್ನಿ ಇದ್ದದ್ದಕ್ಕ ನಾವು ಗೆದ್ದೇವಿ?”

ಮಹಾನಂದಾ ಪಡಿಯಚ್ಚಿನೊಳಗೆ ತಮ್ಮನ ನೆರಳನ್ನು ಹುಡುಕು ಎಂದಳು. ಗುರುಬಸು ಕಟಗೇರಿ, ಮನೆ ನಂಬರು, ವಯಸ್ಸು. ಸಿಕ್ಕಿತು. ಗೆದ್ದ ಬಜೆಟ್ಟಿನಲ್ಲಿ ಅವನ ಐದು ವರ್ಷ ತಿಂಗಳಿಗೊಂದು ಸಾಲಿನಂತೆ ಪರದೆಯ ಮೇಲೆ ಇಳಿಯತೊಡಗಿತು. ಏಪ್ರಿಲ್, ಆರೋಗ್ಯ: ದೂರಿಲ್ಲ. ಮೇ, ಆರೋಗ್ಯ: ದೂರಿಲ್ಲ. ಜೂನ್, ದೂರಿಲ್ಲ. ಹಾಗೇ ಕೆಳಗಿನವರೆಗೆ, ಅರವತ್ತು ತಿಂಗಳು, ದೂರಿಲ್ಲ, ದೂರಿಲ್ಲ, ದೂರಿಲ್ಲ.

ಒಂದು ಕ್ಷಣ ಮಹಾನಂದಾಳಿಗೆ ಉಸಿರು ಬಂತು. “ಹಂಗಾದ್ರ ಬದುಕತಾನ ಅಂತಾತಲ್ಲ?”

ರೇಷ್ಮಾಳ ಬೆರಳು ಪಕ್ಕದ ಕಾಲಮ್ಮಿನ ಮೇಲೆ ನಿಂತಿತ್ತು. “ಮೇಡಂ, ಮೇ ತಿಂಗಳದಿಂದ ಇವರು ರೇಷನ್ ತಗೊಂಡಿಲ್ರಿ.”

“ಮತ್ತ?”

“ಬಸ್ಸು ಹತ್ತಿಲ್ಲ. ಫೋನ್ ಮಾಡಿಲ್ಲ. ಯಾರ ಹಾರ್ಮೋನಿಯಮ್ಮೂ ರಿಪೇರಿ ಮಾಡಿಲ್ಲ. ಮೇ ಹನ್ನೊಂದರ ಮ್ಯಾಲ ಏನಂದ್ರ ಏನೂ ಮಾಡಿಲ್ರಿ. ಬರೇ ಆರೋಗ್ಯದಿಂದ ಅದಾರ.”

ಯಂತ್ರಗಳ ಗಾಳಿ ಬೀಸುತ್ತಲೇ ಇತ್ತು. ಆಗ ಮಹಾನಂದಾಳಿಗೆ ಪೂರ್ತಿ ಅರ್ಥವಾಯಿತು. ಪಡಿಯಚ್ಚು ನೋವನ್ನು ನೋವೆಂದು ನೋಡುವುದಿಲ್ಲ. ಒಂದು ಲೆಕ್ಕಶೀರ್ಷಿಕೆಯ ಬಾಗಿಲಿನಿಂದ ಒಳಗೆ ಬಂದ ನೋವನ್ನಷ್ಟೇ ಎಣಿಸುತ್ತದೆ. ಬಾಗಿಲು ಮುಚ್ಚಿದರೆ ಆ ನೋವು ಎಲ್ಲೂ ದಾಖಲಾಗುವುದಿಲ್ಲ. ಸಾವು ಕೂಡ. ಮೇಲಾಗಿ ಸತ್ತವನು ತಿನ್ನದೆ ಉಳಿಸಿದ ಅಕ್ಕಿ ಉಳಿತಾಯದ ಕಡೆ ಜಮೆಯಾಗುತ್ತದೆ. ಇನ್ನೂರ ಹನ್ನೆರಡು ಬಗೆಯ ನೋವನ್ನು ಅಳಿಸಿದ ಬಜೆಟ್ಟಿಗಿಂತ ಒಳ್ಳೆಯ ಬಜೆಟ್ಟು ಅದಕ್ಕೆ ಯಾವುದು ಕಂಡೀತು?

“ಆಫ್ ಮಾಡು,” ಎಂದಳು.

“ಮೇಡಂ, ಉಳಿದ ಸಾಲಿನಾಗ ಇರೋರನ್ನೂ ನೋಡೂಣ್ರಿ. ಹಿನ್ನೀರಿನ ದೋಣಿ ಒಂದೈತಿ, ಎಂಟು ಊರಿಗೆ…”

“ಆಫ್ ಮಾಡು ಅಂದೆ.”

*

ಮೂರನೆಯ ದಿನ ಮಹಾನಂದಾ ಮತ್ತೆ ಆಸ್ಪತ್ರೆಗೆ ಹೋದಳು. ಸಾಂಗಲಿ, ಸೊಲ್ಲಾಪುರದವರೆಗೆ ಫೋನು ಹಚ್ಚಿ ಸೋತಿದ್ದಳು. ಎಲ್ಲಿ ಕೇಳಿದರೂ, ನಿಮ್ಮ ರಾಜ್ಯದ ರೋಗಿಪತ್ರ ಕಳಿಸಿ, ಅದರ ಮೇಲೆ ಲೆಕ್ಕಶೀರ್ಷಿಕೆ ಇರಲಿ ಎನ್ನುತ್ತಿದ್ದರು. ಹೊರಗಿನ ಅಂಗಡಿಗಳಲ್ಲಿ ಫ್ಯಾಕ್ಟರ್ ಮಾರುವುದು ನಿಂತು ಆರು ವರ್ಷವಾಗಿತ್ತು; ಸರಕಾರವೇ ಕೊಳ್ಳುತ್ತಿತ್ತು, ಸರಕಾರವೇ ಕೊಡುತ್ತಿತ್ತು.

ನರ್ಸ್ ಕಸ್ತೂರಿ ಅವಳನ್ನು ನೋಡಿ ಎದ್ದು ನಿಂತಳು. ಮುಖದ ಮೇಲೆ ಮೊನ್ನೆಯ ಸಲುಗೆ ಇರಲಿಲ್ಲ.

“ಮೇಡಂ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಮ್ಮಗ ಖರೇನ ಆ ಜಡ್ಡ ಐತೇನ್ರಿ?”

ಮಹಾನಂದಾ ಅವಳನ್ನೇ ನೋಡಿದಳು. ಇದೇ ಕಸ್ತೂರಿ ಒಂಬತ್ತು ವರ್ಷ ಅವನ ಕೈಯ ನರ ಹುಡುಕಿ ಸೂಜಿ ಚುಚ್ಚಿದ್ದಳು. ನೋವಾಗದಿರಲಿ ಎಂದು ಸಿನಿಮಾದ ಕತೆ ಹೇಳುತ್ತ ಚುಚ್ಚುತ್ತಿದ್ದಳು.

“ನೀನ ಅಲ್ಲೇನ ಕಸ್ತೂರಿ, ಸೂಜಿ ಮಾಡಿದಾಕಿ?”

“ಮಾಡೇನ್ರಿ. ಮಾಡಿದ್ದು ನೆನಪೈತಿ. ಆದ್ರ ಯಾಕ ಮಾಡಿದೆ ಅಂತ ಫೈಲಿನಾಗ ಏನೂ ಇಲ್ರಿ. ನಿನ್ನೆ ಸಾಹೇಬರು ಕೇಳಿದ್ರು, ಇಷ್ಟು ವರ್ಷ ಯಾವ ಕಾರಣಕ್ಕ ಸೀಸೆ ಖರ್ಚು ಹಾಕೀ ಅಂತ. ಏನ್ ಹೇಳ್ಲಿ? ನನಗೂ ಮನೀ ಐತಿ, ನೌಕರಿ ಹೋದ್ರ…” ಅವಳು ಕಪಾಟಿನ ಕಡೆ ನೋಡದೆ ಹೇಳಿದಳು, “ಏಳನೇ ತಾರೀಖಿಗೆ ಅವನ್ನೆಲ್ಲ ಒಯ್ದು ಸುಡತಾರಂತ್ರಿ. ಶೀರ್ಷಿಕೆ ಇಲ್ಲದ ಸಾಮಾನು ಇಡಂಗಿಲ್ಲಂತ.”

ಬಸ್ ನಿಲ್ದಾಣದಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಹಿನ್ನೀರಿನ ದೋಣಿ ನಿಂತಿದೆಯಂತೆ. ಟಿಕೆಟ್ ಯಂತ್ರದಲ್ಲಿ ಆಚೆ ದಡದ ಊರಿನ ಹೆಸರೇ ಬರುತ್ತಿಲ್ಲವಂತೆ. “ಎರಡ ದಿವಸ ಬೈದಾಡಿದ್ವಿ,” ಎಂದ ಒಬ್ಬ ಮುದುಕ ತಂಬಾಕು ತಿಕ್ಕುತ್ತ. “ಈಗ ಸುತ್ತ ಹಾಕಿ ಬರಾಕತ್ತೇವಿ. ಅರವತ್ತು ಕಿಲೋಮೀಟರ್. ರೂಢಿ ಆಗತೈತಿ ಬಿಡ್ರಿ.” ಯಾರೂ ಗಾಬರಿಯಾದಂತೆ ಕಾಣಲಿಲ್ಲ. 

ಮನೆಗೆ ಬಂದರೆ ಗುರುಬಸು ಎದ್ದು ಕುಳಿತು ಯಾರದೋ ಹಾರ್ಮೋನಿಯಮ್ಮಿನ ತಿದಿ ಬಿಚ್ಚಿದ್ದ. ಕಾಲು ದಿಂಬಿನ ಮೇಲಿತ್ತು.

“ಯಾಕ ಎದ್ದಿ? ಮಲ್ಕೊ ಅಂದಿದ್ನಿಲ್ಲ?”

“ಮಲಗಿದ್ರ ಅದ ಧ್ಯಾನ ಅಕ್ಕಾ. ಇದರ ಒಂದು ಸ್ವರ ಸತ್ತೈತಿ, ನೋಡ್ತೇನಿ.” ಸ್ವರದ ಒಂದು ಬಿಳಿ ಮನೆ ಒತ್ತಿದ; ಗಾಳಿ ಮಾತ್ರ ಹೋಯಿತು. “ಅಕ್ಕಾ, ಲಕ್ಷ್ಮೇಶ್ವರದ ಕಡೆಯಿಂದ ಒಬ್ಬಾಕಿ ಫೋನ್ ಮಾಡಿದ್ಲು. ಮಗನ ಹಲ್ಲು ಬಿದ್ದೈತಂತ. ನಿನ್ನೆಯಿಂದ ರಕ್ತ ನಿಂತಿಲ್ಲ. ನಮ್ಮ ಮನ್ಯಾಗ ಏನರ ಐತೇನು ಅಂತ ಕೇಳಿದ್ಲು.”

“ಏನ್ ಹೇಳ್ದಿ?”

“ಇಲ್ಲ ಅಂದೆ.” ಮತ್ತೊಂದು ಮನೆ ಒತ್ತಿದ. ಅದು ಸರಿಯಾಗಿ ನುಡಿಯಿತು. “ಖರೇ ಹೇಳ್ಬೇಕಂದ್ರ, ಇದ್ದಿದ್ರೂ ಇಲ್ಲ ಅಂತಿದ್ದೆ ಅನಸ್ತು.”

ಆ ರಾತ್ರಿ ಅವನ ತೊಡೆಯಲ್ಲಿ ಹೊಸ ಸೋರಿಕೆ ಶುರುವಾಯಿತು. ಏನೂ ತಾಗಿರಲಿಲ್ಲ, ಮಗ್ಗುಲು ಬದಲಿಸಿದ್ದಷ್ಟೇ.

*

ಆರನೆಯ ತಾರೀಖು ಬೆಳಿಗ್ಗೆ ಕೇಂದ್ರದ ನಿರ್ದೇಶಕ ಹುಯಿಲಗೋಳ ಅವಳನ್ನು ಕೊಠಡಿಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಸಿಬ್ಬಂದಿಯ ಮನೆಯಲ್ಲಿ ಮದುವೆಯಾದರೆ ಹಿಂದಿನ ದಿನವೇ ಹೋಗಿ ನಿಲ್ಲುವವರು. ಗಿರಮಿಟ್ಟು, ಚಹಾ ತರಿಸಿ ಬಾಗಿಲು ಹಾಕಿದರು.

“ತಿನ್ನವಾ ಮೊದಲ. ಮುಖ ನೋಡು ಹೆಂಗಾಗೈತಿ.”

“ಸರ್, ಇಲಾಖೆಯವರು ಏನಂದ್ರು?”

“ಹೇಳ್ತೇನಿ.” ಅವರು ಕನ್ನಡಕ ತೆಗೆದು ಒರೆಸಿದರು. “ನೀ ಬರೆದ ಪತ್ರ ಓದ್ಯಾರ. ತಪ್ಪಾಗೇತಿ ಅಂತ ಅವರಿಗೂ ತಿಳದೈತಿ. ಆದ್ರ ನಿಯಮ ಹೆಂಗೈತಿ ನೋಡು. ಒಂದು ಸಾಲು ತಪ್ಪಿದ್ರ ಅದು ಮುದ್ರಣದೋಷ. ಗೆದ್ದ ತರಗತಿಯವರು ಬರದು ಕೊಟ್ರ ಒಂದ ದಿನದಾಗ ತಿದ್ದತಾರ. ಎರಡನೇ ಸಾಲು ತಪ್ಪೈತಿ ಅಂದಿ ಅಂದ್ರ ಬಜೆಟ್ಟ ದೋಷ ಅಂತಾಗತೈತಿ. ಸದನಕ್ಕ ಹೋಗಬೇಕು. ಸದನ ಕೂಡೂದು ಮೇ ಇಪ್ಪತ್ತಕ್ಕ.”

“ಮೇ ಇಪ್ಪತ್ತು,” ಎಂದಳು ಮಹಾನಂದಾ. ಪರದೆಯ ಮೇಲಿನ ಮೇ ಹನ್ನೊಂದು ಕಣ್ಣಿಗೆ ಕಟ್ಟಿತು.

“ಅದಕ್ಕ ನಾ ಕೈಕಾಲು ಹಿಡದು ಒಂದು ದಾರಿ ಮಾಡೇನಿ.” ಅವರು ಒಂದು ಕಡತವನ್ನು ಮೇಜಿನ ಮೇಲೆ ಸರಿಸಿದರು. “ನಿಮ್ಮ ತಮ್ಮನ ಸಾಲು ಮುದ್ರಣದೋಷ ಅಂತ ಬರಕೊಡು. ನಾಳೆ ಮುಂಜಾನೆ ಒಂಬತ್ತಕ್ಕ ಕಪಾಟು ತೆರೀತೈತಿ. ಸೀಸೆ ಒಯ್ಯೋರು ಹತ್ತಕ್ಕ ಬರೋದು. ಉಳಿದ ಇನ್ನೂರ ಹನ್ನೊಂದು ನಾವು ಬೇಕಂತನ ಸೊನ್ನಿ ಇಟ್ಟೇವಿ ಅಂತ ಕೆಳಗ ದೃಢೀಕರಣ ಐತಿ. ನೀ ಮತ್ತ ಆ ಹುಡುಗಿ ಇಬ್ಬರೂ ಶಾಯಿಲೆ ಸಹಿ ಮಾಡಬೇಕು.”

“ಹಂಗ ಸಹಿ ಮಾಡಿದ್ರ ಉಳಿದಿದ್ದು ಸದನಕ್ಕ ಹೋಗೂದಿಲ್ಲ.”

“ಹೋಗೂದಿಲ್ಲ. ತಪ್ಪಿದ್ರ ತಾನ ಹೋಗೂದು? ನೀವು ಬೇಕಂತ ಮಾಡೇವಿ ಅಂದ್ರ ಅದು ತೀರ್ಮಾನ. ಮುಂದಿನ ಬಜೆಟ್ ಬರಿಯೋರೂ ಅದನ್ನ ಐದು ವರ್ಷ ಮುಟ್ಟಂಗಿಲ್ಲ.” ಹುಯಿಲಗೋಳರು ಚಹಾದ ಕಪ್ಪನ್ನು ಎತ್ತಿ, ಕುಡಿಯದೆ ಇಟ್ಟರು. ಕಪ್ಪು ಬಸಿಯ ಮೇಲೆ ಕಟಕಟ ಎಂದಿತು. ಅವರಿಗೂ ಭಯವಿದೆ ಎಂದು ಅವಳಿಗೆ ಆಗ ತಿಳಿಯಿತು. “ನನಗ ಕೇಳಬ್ಯಾಡ ಮಹಾನಂದಾ, ಅದರಾಗ ಯಾರ್ಯಾರ ಅದಾರ ಅಂತ. ನಾ ಓದಿಲ್ಲ. ಓದಿದ್ರ ನಿನ್ನನ್ನ ಕರೀಲಿಕ್ಕೆ ಆಗ್ತಿದ್ದಿಲ್ಲ.”

ಕಡತದಲ್ಲಿ ಹನ್ನೊಂದು ಪುಟಗಳ ಪಟ್ಟಿ ಇತ್ತು. ಮಹಾನಂದಾ ಮೊದಲ ಪುಟದಲ್ಲಿ ಮೂರು ಸಾಲು ಓದಿದಳು. ನಾಲ್ಕನೆಯದಕ್ಕೆ ಕಣ್ಣು ಹೋಗುವ ಮುಂಚೆ ಪುಟಗಳನ್ನೆಲ್ಲ ಒಟ್ಟಿಗೆ ಮಗುಚಿ ಕೊನೆಯದಕ್ಕೆ ಬಂದಳು. ಪೆನ್ನು ತೆಗೆದಳು. ಅವಳ ಸಹಿ ಯಾವಾಗಲೂ ದುಂಡಗೆ ಬರುತ್ತಿತ್ತು. ಆವತ್ತೂ ದುಂಡಗೇ ಬಂತು.

*

ಮಧ್ಯಾಹ್ನ ಮೂರಕ್ಕೆ ರೇಷ್ಮಾ ಮನೆಗೆ ಬಂದಳು. ಕೈಯಲ್ಲಿ ಮೋಸಂಬಿಯ ಚೀಲ. ಚಪ್ಪಲಿ ಕಳಚುವಾಗಲೇ ಒಳಗಿನ ಕೋಣೆಯಿಂದ ನರಳಾಟ ಕೇಳಿಸಿ, ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಳು.

“ಯಾರು ಬಂದಾರ ಅಕ್ಕಾ?” ಗುರುಬಸುವಿನ ದನಿ.

“ರೇಷ್ಮಾ. ನೀ ಮಲ್ಕೊ.”

ಪಡಸಾಲೆಯಲ್ಲಿ ಬಿಚ್ಚಿಟ್ಟ ಹಾರ್ಮೋನಿಯಂ ಹಾಗೇ ಇತ್ತು. ಮಹಾನಂದಾ ಚಾಪೆ ಹಾಸಿದಳು. ನೀರು ಕೊಟ್ಟಳು. ಎಲ್ಲವನ್ನೂ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಆಮೇಲೆ ಕಡತವನ್ನು ಹುಡುಗಿಯ ಮುಂದಿಟ್ಟು, ಕೊನೆಯ ಪುಟ ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು ಕೊಟ್ಟಳು.

ರೇಷ್ಮಾ ಪೆನ್ನು ತೆಗೆದುಕೊಂಡಳು. ಆದರೆ ಪುಟಗಳನ್ನು ಹಿಂದಕ್ಕೆ ತಿರುವಿ ಮೊದಲನೆಯದಕ್ಕೆ ಹೋದಳು. ಓದತೊಡಗಿದಳು.

“ಅದೇನ್ ಓದಬ್ಯಾಡ ಈಗ. ಹೊತ್ತಾಗತೈತಿ.”

ಅವಳು ಓದಿದಳು. ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿ ಅಲುಗಿಸುತ್ತ, ಸಣ್ಣ ಮಕ್ಕಳು ಓದುವ ಹಾಗೆ. ಒಳಗೆ ನರಳಾಟ ಏರುವುದು, ಇಳಿಯುವುದು. ಒಂದು ಕಡೆ ಜೋರಾಗಿ ಓದಿದಳು: “ಕಲ್ಲಿನ ಗಣಿಯವರ ಆಮ್ಲಜನಕ. ಮೂರು ತಾಲೂಕಿನ ಹಾವಿನ ಔಷಧ. ಕಿವುಡ ಮಕ್ಕಳ ಶಾಲಿ, ಮಧ್ಯಾಹ್ನದ ಊಟ.” ಹನ್ನೊಂದನೆಯ ಪುಟದವರೆಗೆ ಓದಿ ಮುಗಿಸಲು ಅರ್ಧ ಗಂಟೆ ಬೇಕಾಯಿತು.

“ನೀವು ಇದನ್ನ ಓದೀರೇನ್ರಿ ಮೇಡಂ?”

“ಓದೇನಿ.”

ರೇಷ್ಮಾ ಅವಳ ಮುಖ ನೋಡಿದಳು. ಮಹಾನಂದಾ ಆ ನೋಟಕ್ಕೆ ನಿಲ್ಲಲಾರದೆ ಮೋಸಂಬಿಯ ಚೀಲವನ್ನು ಎತ್ತಿ ಬೇರೆ ಕಡೆ ಇಟ್ಟಳು.

“ನನ್ನ ತಪ್ಪು ಇದು, ನಿಂದಲ್ಲ,” ಎಂದಳು. ದನಿ ತಾನಾಗಿಯೇ ಏರಿತ್ತು. “ನೀ ಸರಿ ಬರದಿದ್ದಿ. ನಾ ಕೆಡಿಸಿದೆ. ಲೋಕಕ್ಕೆಲ್ಲ ಹೇಳ್ತೇನಿ ಬೇಕಾದ್ರ. ಹುಯಿಲಗೋಳ ಸರ್ ನಿನಗ ಕೇಂದ್ರದಾಗ ನೌಕರಿ ಕೊಡ್ತೇನಿ ಅಂದಾರ. ನಿಮ್ಮ ಅಪ್ಪಾ ಇನ್ನ ಹತ್ತಿ ಬಡಿಯೂದು ಬಿಡಬಹುದು. ಎಲ್ಲಾ ಸರಿ ಹೋಗತೈತಿ. ಒಂದು ಸಹಿ.”

“ಮೇ ಇಪ್ಪತ್ತರ ಮಟ್ಟ ತಡದ್ರ ಎಲ್ಲಾ ಬಾಗಲಾನೂ ತೆರೀತಾವಲ್ರಿ?”

“ಅಲ್ಲೀ ಮಟ ಅಂವ ಇರೂದಿಲ್ಲ. ಪಡಿಯಚ್ಚಿನಾಗ ನೀನ ತೋರಿಸಿದ್ದಿ.” ಮಹಾನಂದಾ ಎದ್ದಳು. ಹುಡುಗಿಯ ಭುಜ ಹಿಡಿದು ಎಬ್ಬಿಸಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. “ಒಳಗ ಹೋಗು. ಅವನ್ನ ಒಮ್ಮೆ ನೋಡಿ ಬಾ. ಪಟ್ಟಿ ಓದಿದಿಯಲ್ಲ, ಮನಶ್ಯಾನ್ನೂ ನೋಡು. ಆಮ್ಯಾಲ ನನಗ ಹೇಳು.”

ರೇಷ್ಮಾ ಹೋದಳು. ಬಾಗಿಲು ಅರ್ಧ ಮುಚ್ಚಿತು. ಮಹಾನಂದಾ ಪಡಸಾಲೆಯಲ್ಲೇ ನಿಂತಳು. ಒಳಗೆ ತಮ್ಮನ ದನಿ ತಗ್ಗಿನಲ್ಲಿ ಏನೋ ಹೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಹುಡುಗಿಯ ದನಿ ಕೇಳಿಸಲೇ ಇಲ್ಲ. ಒಮ್ಮೆ ಗುರುಬಸು ಕೂಗಿದ, ನೋವಿಗೋ ಬೇರೆ ಏತಕ್ಕೋ. ಬೀದಿಯಲ್ಲಿ ಸೈಕಲ್ ಗಂಟೆ. ಎದುರು ಮನೆಯಲ್ಲಿ ಯಾರೋ ಹಪ್ಪಳ ಕರಿಯುತ್ತಿದ್ದ ವಾಸನೆ. ಲೋಕ ತನ್ನ ಪಾಡಿಗೆ ತಾನು ರೂಢಿಯಾಗುತ್ತಿತ್ತು. ಕಡತದ ಹಾಳೆ ಫ್ಯಾನಿನ ಗಾಳಿಗೆ ಏಳುತ್ತಿದ್ದುದನ್ನು ನೋಡಿ ಅವಳು ಅದರ ಮೇಲೆ ಒಂದು ಮೋಸಂಬಿ ಇಟ್ಟಳು.

ಹತ್ತು ನಿಮಿಷಕ್ಕೆ ರೇಷ್ಮಾ ಹೊರಗೆ ಬಂದಳು. ಕಣ್ಣು, ಮೂಗು ಕೆಂಪಾಗಿದ್ದವು. ಓಢಣಿಯ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿದ್ದಳು.

“ಏನಂದ?” ಮಹಾನಂದಾ ಕೇಳಿದಳು. ತಮ್ಮ ದೊಡ್ಡ ಮನಸ್ಸು ಮಾಡಿ, ಬೇಡ, ಸಹಿ ಮಾಡಬೇಡ ಎಂದಿರಬಹುದು ಎಂಬ ಹೆದರಿಕೆ ಅವಳಿಗೆ ಇತ್ತು.

“ಸಹಿ ಮಾಡು ಅಂದ್ರು.” ರೇಷ್ಮಾಳ ದನಿ ಒಡೆಯಿತು. “ನಾ ಬದುಕಬೇಕು ಅಂದ್ರು. ಉಳಿದವರದು ನನಗ ಹೇಳಬ್ಯಾಡ, ನಾ ಕೇಳೂದಿಲ್ಲ ಅಂದ್ರು. ಕೈ ಮುಗದ್ರು ಮೇಡಂ. ನನಗ ಕೈ ಮುಗದ್ರು.”

ಮಹಾನಂದಾಳ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಅವಳು ಹಣ್ಣನ್ನು ಸರಿಸಿ, ಹಾಳೆಯನ್ನು ಅಂಗೈಯಿಂದ ಸಮ ಮಾಡಿ, ಸಹಿಯ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು. 

“ಬಾ ಮಗಳ. ಇಲ್ಲೆ.”

ರೇಷ್ಮಾ ಬಂದು ಚಾಪೆಯ ಮೇಲೆ ಕುಳಿತಳು. ಪೆನ್ನನ್ನು ಎತ್ತಿಕೊಂಡಳು. ನೆಲದ ಮೇಲಿದ್ದ ಟೊಪ್ಪಿಗೆಯನ್ನು ಹುಡುಕಿ ತೆಗೆದು ಅದಕ್ಕೆ ಹಾಕಿದಳು. ಟಕ್ ಎಂದಿತು. ಪೆನ್ನನ್ನು ಮಹಾನಂದಾಳ ಬೆರಳಿನ ಪಕ್ಕದಲ್ಲಿ ಇಟ್ಟಳು.

“ಇಲ್ರಿ ಮೇಡಂ. ಮಾಡೂದಿಲ್ಲ.”